ಉಳ್ಳಾಲದ ರಾಣಿ ಅಬ್ಬಕ್ಕ ಚೌಟ: ಅಹಿಂಸೆಯ ಮನೆಯಲ್ಲಿ ಕತ್ತಿವರಸೆಯ ಪಾಠ

ತುಳುನಾಡನ್ನು ಆಳಿದ ಜೈನ ಅರಸು ಮನೆತನಗಳಲ್ಲಿ ಚೌಟರದು ದೊಡ್ಡ ಹೆಸರು. ಮೂಡುಬಿದಿರೆ, ಪುತ್ತಿಗೆ, ಉಳ್ಳಾಲ ಇವರ ನೆಲೆಗಳು. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀ ಕುಂಜರ, ಪಂಚನಾರೀ ತುರಗದ ಮರದ ಕೆತ್ತನೆಗಳನ್ನು ಇಂದಿಗೂ ನೋಡಬಹುದು. 16ನೇ ಶತಮಾನದಲ್ಲಿ ಇದೇ ಮನೆತನದ ಅಬ್ಬಕ್ಕ ಉಳ್ಳಾಲದ ರಾಣಿಯಾಗಿ ಪೋರ್ಚುಗೀಸರನ್ನು ಎದುರಿಸಿದಳು.

ಚೌಟರಲ್ಲಿ ಅಳಿಯಸಂತಾನ ಪದ್ಧತಿಯಿತ್ತು. ಆಸ್ತಿ, ಅಧಿಕಾರ ಎರಡೂ ಹೆಣ್ಣಿನ ಕಡೆಯಿಂದ ಮುಂದುವರಿಯುತ್ತಿದ್ದವು. ಹಾಗಾಗಿ ಸೋದರಮಾವ ತಿರುಮಲರಾಯ ಚೌಟ ಅಬ್ಬಕ್ಕನನ್ನು ಪಟ್ಟಕ್ಕೆ ತಕ್ಕಂತೆ ಬೆಳೆಸಿದನು. ಬಾಲ್ಯದಲ್ಲಿಯೇ ಕತ್ತಿವರಸೆ, ಬಿಲ್ಲುವಿದ್ಯೆ, ಕುದುರೆ ಸವಾರಿ ಮತ್ತು ರಾಜನೀತಿಯನ್ನು ಕಲಿಸಿದನೆಂದು ಪ್ರತೀತಿ.

ಇರುವೆಗೂ ನೋವಾಗಬಾರದೆಂದು ನೋಡಿ ನಡೆಯುವ ಮನೆತನದ ಹುಡುಗಿಯ ಕೈಗೆ ಕತ್ತಿ ಕೊಡುವುದು ಸರಿಯೇ? ಇದಕ್ಕೆ ನಮ್ಮ ಆಚಾರ್ಯರು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುತ್ತಾರೆ. ಮಹಾವ್ರತಿಗಳಾದ ಮುನಿಗಳು ನಾಲ್ಕನ್ನೂ ತ್ಯಜಿಸುತ್ತಾರೆ. ಅಣುವ್ರತಿಯಾದ ಗೃಹಸ್ಥನು ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಪೂರ್ತಿ ಬಿಡಬೇಕು. ಅಡುಗೆ, ವ್ಯಾಪಾರ, ಬೇಸಾಯದಲ್ಲಿ ಆಗುವ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ತನ್ನನ್ನು, ತನ್ನವರನ್ನು, ಧರ್ಮವನ್ನು ಕಾಪಾಡಲು ಅನಿವಾರ್ಯವಾಗಿ ಎದುರಿಸಿ ನಿಲ್ಲುವುದು ವಿರೋಧೀ ಹಿಂಸೆ. ಅದರಿಂದಲೂ ಕರ್ಮಬಂಧ ತಪ್ಪುವುದಿಲ್ಲ. ಆದರೆ ಗೃಹಸ್ಥನಿಗೆ ಅದರ ಪೂರ್ಣ ನಿಷೇಧವಿಲ್ಲ. ಕಾರಣವಿಲ್ಲದೆ ಆಯುಧವನ್ನು ಇನ್ನೊಬ್ಬರಿಗೆ ಕೊಡುವುದೂ ದೋಷವೆಂದು ಅನರ್ಥದಂಡ ವ್ರತ ಎಚ್ಚರಿಸುತ್ತದೆ. ಆಯುಧ ಹಿಡಿಯುವವನಿಗೆ ಕೈ ಪಳಗುವುದಕ್ಕಿಂತ ಮೊದಲು ಮನಸ್ಸು ಪಳಗಬೇಕು ಎಂಬುದು ಇದರ ತಾತ್ಪರ್ಯ.

ಅಬ್ಬಕ್ಕ ಕಲಿತ ವಿದ್ಯೆ ಬಲುಬೇಗ ಕೆಲಸಕ್ಕೆ ಬಂತು. ನೇತ್ರಾವತಿ ಸಮುದ್ರ ಸೇರುವಲ್ಲಿರುವ ಉಳ್ಳಾಲ ಆಗ ಒಳ್ಳೆಯ ಬಂದರು. ಕರಾವಳಿಯ ಅಕ್ಕಿ, ಕಾಳುಮೆಣಸು ಅರಬ್ ದೇಶಗಳಿಗೆ ಹೋಗುತ್ತಿದ್ದ ಕಾಲ ಅದು. ಗೋವೆಯಲ್ಲಿ ನೆಲೆಯೂರಿದ್ದ ಪೋರ್ಚುಗೀಸರು ಕಪ್ಪ ಕೇಳಿದರು. ತಮ್ಮ ಪರವಾನಗಿ ಇಲ್ಲದೆ ಹಡಗು ಸಾಗಬಾರದೆಂದರು. ಅಬ್ಬಕ್ಕ ಒಪ್ಪಲಿಲ್ಲ. ಗಂಡ, ಮಂಗಳೂರಿನ ಬಂಗರಸ ಲಕ್ಷ್ಮಪ್ಪನೊಡನೆ ವೈಮನಸ್ಸು ಬಂದು ಅವಳು ಉಳ್ಳಾಲಕ್ಕೆ ಮರಳಿದ್ದಳು. ಮುಂದೆ ಅವನು ಪೋರ್ಚುಗೀಸರ ಕಡೆ ಸೇರಿದನೆಂದು ಹೇಳುತ್ತಾರೆ. ಮನೆಯವನೇ ಎದುರು ಪಕ್ಷವಾದರೂ ರಾಣಿ ಎದೆಗುಂದಲಿಲ್ಲ. ಅವಳ ಸೇನೆಯಲ್ಲಿ ಮೊಗವೀರರು, ಬಿಲ್ಲವರು, ಬ್ಯಾರಿಗಳು ಜೊತೆಯಾಗಿ ನಿಂತಿದ್ದರು. ಕಲ್ಲಿಕೋಟೆಯ ಸಾಮೂದಿರಿಯ ಸ್ನೇಹವೂ ಇತ್ತು. ತೆಂಗಿನ ಗರಿಯ ಸೂಡಿಗೆ ಬೆಂಕಿ ಹಚ್ಚಿ ಶತ್ರುಗಳ ಹಡಗಿನ ಮೇಲೆ ಎಸೆದ ಕಥೆಯನ್ನು ಕರಾವಳಿಯ ಜನ ಇಂದಿಗೂ ಹೇಳುತ್ತಾರೆ. ಈ ಯಾವ ಕಥೆಯಲ್ಲಿಯೂ ರಾಣಿ ಕಡಲು ದಾಟಿ ಪರರ ನಾಡಿನ ಮೇಲೆ ಏರಿ ಹೋದದ್ದಿಲ್ಲ. ಬಾಗಿಲಿಗೆ ಬಂದವರನ್ನೇ ಅವಳು ಎದುರಿಸಿದಳು.

ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡು ಬರೆದಿದ್ದಾನೆ. ಅವಳ ಸುತ್ತ ಕತ್ತಿ, ಗುರಾಣಿ, ಬಿಲ್ಲು ಹಿಡಿದ ಕಾವಲಿನವರಿದ್ದರು. ಆದರೆ ರಾಣಿ ದಪ್ಪನೆಯ ಸಾದಾ ಹತ್ತಿ ಬಟ್ಟೆ ತೊಟ್ಟು, ಬರಿಗಾಲಿನಲ್ಲಿ, ಕಾಲುವೆ ತೋಡುವ ಕೆಲಸ ನೋಡಲು ಹೊರಟಿದ್ದಳು. ಆಯುಧಬಲವಿದ್ದೂ ಅದರ ಆಡಂಬರವಿಲ್ಲದ ಮನೆತನ ಅದು.

2012ರಲ್ಲಿ ಭಾರತೀಯ ಕರಾವಳಿ ರಕ್ಷಣಾ ಪಡೆ ತನ್ನ ಗಸ್ತು ಹಡಗೊಂದಕ್ಕೆ ರಾಣಿ ಅಬ್ಬಕ್ಕನ ಹೆಸರಿಟ್ಟಿತು. ಉಳ್ಳಾಲದಲ್ಲಿ ಅವಳ ನೆನಪಿನ ಉತ್ಸವವೂ ನಡೆಯುತ್ತದೆ. ಮಗಳಿಗೆ ಆತ್ಮರಕ್ಷಣೆಯ ವಿದ್ಯೆ ಕಲಿಸಬೇಕೋ ಬೇಡವೋ ಎಂದು ಯೋಚಿಸುವ ಶ್ರಾವಕರು ತಿರುಮಲರಾಯನನ್ನೂ ಒಮ್ಮೆ ನೆನೆಯಬೇಕು. ಅವನು ಸೊಸೆಗೆ ಕತ್ತಿ ಕಲಿಸಿದನು. ಅದು ಯಾರ ಮೇಲೆ, ಯಾವಾಗ ಎಂಬ ವಿವೇಕವನ್ನು ಧರ್ಮ ಕಲಿಸಿತು.