ಬರ್ಮಾದ ರಾಷ್ಟ್ರಪಿತ ಆಂಗ್ ಸಾನ್

ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಒಂದು ಹಳೆಯ ಭೂಪಟದ ಪುಸ್ತಕವಿದೆ. ಅದರ ರಟ್ಟು ಹರಿದಿದೆ. ಅಂಚುಗಳನ್ನು ಹುಳು ತಿಂದಿದೆ. ಪರೀಕ್ಷೆಗೆ ಓದಲೆಂದು ಕುಳಿತ ಒಂದು ಮಧ್ಯಾಹ್ನ ಅದನ್ನು ಸುಮ್ಮನೆ ತಿರುವುತ್ತಿದ್ದಾಗ ನನಗೆ ಅಚ್ಚರಿಯೊಂದು ಕಾದಿತ್ತು. ಅದರಲ್ಲಿ ಭಾರತವು ಅಸ್ಸಾಮಿನ ಬೆಟ್ಟಗಳಿಗೆ ಮುಗಿಯುವುದಿಲ್ಲ. ಅವುಗಳನ್ನು ದಾಟಿ, ಐರಾವತಿ ನದಿಯ ಉದ್ದಕ್ಕೂ ಇಳಿದು, ಸಯಾಮಿನ ಗಡಿಯವರೆಗೂ ಒಂದೇ ಬಣ್ಣದಲ್ಲಿ ಹಬ್ಬಿದೆ. ಮದ್ರಾಸು, ಮುಂಬಯಿ, ಬಂಗಾಳಗಳಂತೆ ಬರ್ಮಾ ಕೂಡ ಅಂದು ಭಾರತದ ಒಂದು ಪ್ರಾಂತವಾಗಿತ್ತು. ಮೂರು ವರ್ಷ ಇತಿಹಾಸವನ್ನು ಓದಿಯೂ ಈ ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿರಲಿಲ್ಲ.

ಆ ಪ್ರಾಂತವನ್ನು ಸ್ವತಂತ್ರ ದೇಶವನ್ನಾಗಿ ಮಾಡಿದವರು ಯಾರೆಂದು ಹುಡುಕುತ್ತ ಹೋದಾಗ ದೊರೆತ ಹೆಸರು ಆಂಗ್ ಸಾನ್. ಅವರು ಮೊದಲು ಜನರ ಕಣ್ಣಿಗೆ ಬಿದ್ದದ್ದು ಒಂದು ವಿದ್ಯಾರ್ಥಿ ಪತ್ರಿಕೆಯ ಸಂಪಾದಕರಾಗಿ ಎಂದು ತಿಳಿದ ಮೇಲೆ, ಅವರ ಜೀವನವನ್ನು ಕುರಿತು ನಾಲ್ಕು ಮಾತು ಬರೆಯಲು ನಮ್ಮ ಈ ವಾರ್ಷಿಕ ಸಂಚಿಕೆಯೇ ತಕ್ಕ ಸ್ಥಳವೆಂದು ನನಗೆ ತೋರಿತು.

ಇಂಗ್ಲಿಷರು ಬರ್ಮಾವನ್ನು ಒಂದೇ ಏಟಿಗೆ ನುಂಗಲಿಲ್ಲ. 1824, 1852 ಮತ್ತು 1885ರಲ್ಲಿ ಆರಂಭವಾದ ಮೂರು ಯುದ್ಧಗಳಲ್ಲಿ ಅದನ್ನು ತುಂಡುತುಂಡಾಗಿ ಗೆದ್ದರು. ಕೊನೆಯ ಅರಸ ಥೀಬಾನನ್ನು ಮಂಡಾಲೆಯ ಅರಮನೆಯಿಂದ ಇಳಿಸಿ, ನಮ್ಮ ಪಶ್ಚಿಮ ಕರಾವಳಿಯ ರತ್ನಾಗಿರಿಗೆ ತಂದಿರಿಸಿದರು. ಆತನು ಅಲ್ಲಿಯೇ 1916ರಲ್ಲಿ ತೀರಿಕೊಂಡನು. ದಿಲ್ಲಿಯ ಕೊನೆಯ ಬಾದಶಹ ಬಹಾದೂರ್ ಷಾ 1862ರಲ್ಲಿ ಕಣ್ಣು ಮುಚ್ಚಿದ್ದು ರಂಗೂನಿನಲ್ಲಿ. ಅವರ ದೊರೆಗೆ ನಮ್ಮ ನೆಲ ಸೆರೆಮನೆಯಾಯಿತು, ನಮ್ಮ ದೊರೆಗೆ ಅವರ ನೆಲ. ಲೋಕಮಾನ್ಯ ತಿಲಕರು ಗೀತಾರಹಸ್ಯವನ್ನು ಬರೆದದ್ದೂ ಮಂಡಾಲೆಯ ಕಾರಾಗೃಹದಲ್ಲಿಯೇ. ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದುದರಿಂದ ಮಂಡಾಲೆ ಎಂಬ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ.

ಆದರೆ ನಾವೂ ಅವರೂ ಒಂದೇ ನೊಗದ ಕೆಳಗಿದ್ದೆವೆಂದು ಹೇಳಿ ಸುಮ್ಮನಾಗುವಂತಿಲ್ಲ. 1886ರ ಜನವರಿ 1ರಂದು ಬರ್ಮಾವನ್ನು ಪೂರ್ತಿಯಾಗಿ ಬ್ರಿಟಿಷ್ ರಾಜ್ಯಕ್ಕೆ ಸೇರಿಸಿದ ಮೇಲೆ, ಬಂಗಾಳ ಕೊಲ್ಲಿಯನ್ನು ದಾಟಿ ಹೋದ ಸಿಪಾಯಿಗಳು, ಗುಮಾಸ್ತರು, ಕೂಲಿಗಳು, ಲೇವಾದೇವಿಗಾರರು ಅಸಂಖ್ಯ. 1931ರ ಜನಗಣತಿಯಂತೆ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ರಂಗೂನ್ ಪಟ್ಟಣದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರೇ. ಬತ್ತದ ಬೆಲೆ ಕುಸಿದ ಆ ಕಾಲದಲ್ಲಿ ಸಾಲ ತೀರಿಸಲಾರದ ರೈತರ ಹೊಲಗಳು ಚೆಟ್ಟಿಯಾರರ ಕೈಸೇರುತ್ತ ಬಂದು, 1937ರ ಹೊತ್ತಿಗೆ ಕೆಳ ಬರ್ಮಾದ ಬತ್ತದ ಭೂಮಿಯಲ್ಲಿ ಸುಮಾರು ಕಾಲುಭಾಗ ಅವರದಾಯಿತು. ಬರ್ಮೀಯ ರೈತನ ಕಣ್ಣಿಗೆ ಇಂಗ್ಲಿಷ್ ಅಧಿಕಾರಿ ಎಲ್ಲೋ ದೂರದಲ್ಲಿದ್ದನು. ಸಾಲದ ಪತ್ರ ಹಿಡಿದು ಮನೆಯ ಬಾಗಿಲಿಗೆ ಬಂದು ನಿಂತವನು ಭಾರತೀಯನಾಗಿದ್ದನು. ಸಾಲದ ಪತ್ರ ಎಂಥದೆಂದು ನಮ್ಮ ಮನೆಯವರಿಗೂ ಗೊತ್ತು. ಆದ್ದರಿಂದ ಆ ರೈತನ ಸಿಟ್ಟು ನನಗೆ ಅರ್ಥವಾಗುತ್ತದೆ.

ಇಂಥ ಕಾಲದಲ್ಲಿ, 1915ರ ಫೆಬ್ರವರಿ 13ರಂದು, ಬರ್ಮಾದ ನಡುನಾಡಿನ ನಾಟ್‌ಮೌಕ್ ಎಂಬ ಸಣ್ಣ ಊರಿನಲ್ಲಿ ಆಂಗ್ ಸಾನ್ ಹುಟ್ಟಿದರು. ತಂದೆ ವಕೀಲರು. ವಂಶದ ಹಿರಿಯರೊಬ್ಬರು ಇಂಗ್ಲಿಷರ ವಿರುದ್ಧ ಕತ್ತಿ ಹಿಡಿದು ತಲೆಯೊಪ್ಪಿಸಿದ್ದರು. ಯೆನಾಂಗ್‌ಯಾಂಗಿನ ರಾಷ್ಟ್ರೀಯ ಶಾಲೆಯಲ್ಲಿ ಓದಿ ಮುಗಿಸಿ, ಅವರು ರಂಗೂನ್ ವಿಶ್ವವಿದ್ಯಾಲಯವನ್ನು ಸೇರಿದರು. ಮಾತು ಕಡಿಮೆ, ಉಡುಪಿನ ಕಡೆಗೆ ಗಮನವಿಲ್ಲ, ಬೆರೆಯುವ ಸ್ವಭಾವವೂ ಅಲ್ಲ. ವಿದ್ಯಾರ್ಥಿ ಸಂಘದ ಚರ್ಚೆಗಳಲ್ಲಿ ಇಂಗ್ಲಿಷಿನಲ್ಲಿ ಮಾತನಾಡಲು ಎದ್ದು ನಿಂತಾಗ ಅವರ ತಡವರಿಕೆಯನ್ನು ಕೇಳಿ ಸಭೆ ನಗುತ್ತಿತ್ತು. ಬರ್ಮೀ ಭಾಷೆಯಲ್ಲೇ ಮಾತನಾಡೆಂದು ಕೂಗುತ್ತಿತ್ತು. ಅವರು ಕುಳಿತುಕೊಳ್ಳಲಿಲ್ಲ. ಮುಂದಿನ ಸಭೆಗೂ ಬಂದರು, ಮತ್ತೆ ಎದ್ದು ನಿಂತರು.

ಇದನ್ನು ಓದಿದಾಗ ನನ್ನ ಮೊದಲ ವರ್ಷದ ಚರ್ಚಾಸ್ಪರ್ಧೆ ನೆನಪಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಂದು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ಮೂರನೆಯದಕ್ಕೆ ಪದ ಸಿಗದೆ ಕೆಳಗಿಳಿದು ಬಂದೆ. ಆಮೇಲೆ ಒಂದು ವರ್ಷ ಆ ವೇದಿಕೆಯ ಕಡೆಗೆ ಮುಖ ಹಾಕಲಿಲ್ಲ. ಆಂಗ್ ಸಾನರು ಇಂಗ್ಲಿಷನ್ನು ಮೆಚ್ಚಿ ಕಲಿತದ್ದಲ್ಲ. ಆಳುವವನನ್ನು ಎದುರಿಸಬೇಕಾದರೆ ಅವನ ಮಾತು ತಿಳಿದಿರಬೇಕೆಂದು ಕಲಿತರು. ಆ ಹಟವೇ ಮುಂದೆ ಅವರನ್ನು ಲಂಡನ್ನಿನ ಮಾತುಕತೆಯ ಮೇಜಿನವರೆಗೆ ಕರೆದೊಯ್ಯಿತು.

ವಿದ್ಯಾರ್ಥಿ ಸಂಘದ ಪತ್ರಿಕೆಯ ಹೆಸರು ಓವೇ. ಹಾಗೆಂದರೆ ನವಿಲಿನ ಕೂಗು. ನವಿಲು ಬರ್ಮಾದ ಅರಸರ ಲಾಂಛನವಾಗಿತ್ತು. ಆಂಗ್ ಸಾನರು ಅದರ ಸಂಪಾದಕರಾಗಿದ್ದಾಗ ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರನ್ನು ಕಟುವಾಗಿ ಹೀಯಾಳಿಸಿದ ಲೇಖನವೊಂದು, ಬರೆದವನ ಹೆಸರಿಲ್ಲದೆ ಅಚ್ಚಾಯಿತು. ಹೆಸರು ಹೇಳೆಂದು ಅಧಿಕಾರಿಗಳು ಕೇಳಿದರು. ಪತ್ರಿಕೆಯ ಧರ್ಮ ಅದಕ್ಕೆ ಒಪ್ಪುವುದಿಲ್ಲವೆಂದು ಸಂಪಾದಕರು ನಿರಾಕರಿಸಿದರು. 1936ರ ಫೆಬ್ರವರಿಯಲ್ಲಿ, ಪರೀಕ್ಷೆ ಹತ್ತಿರ ಬಂದಿರುವಾಗಲೇ, ಅವರನ್ನೂ ಸಂಘದ ಅಧ್ಯಕ್ಷರಾದ ನೂ ಅವರನ್ನೂ ಹೊರಹಾಕಲು ಆಜ್ಞೆಯಾಯಿತು.

ಒಂದು ಹೆಸರನ್ನು ಹೇಳಿಬಿಟ್ಟಿದ್ದರೆ ಅವರ ಪದವಿ ಕ್ಷೇಮವಾಗಿರುತ್ತಿತ್ತು. ಮನೆಯವರ ಆಸೆಯೆಲ್ಲ ಒಂದು ಪದವಿಯ ಮೇಲೆ ನಿಂತಿರುವ ನನ್ನಂಥವನಿಗೆ ಆ ನಿರಾಕರಣೆಯ ಬೆಲೆ ಎಷ್ಟೆಂದು ಚೆನ್ನಾಗಿ ಗೊತ್ತು. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಎಂದು ಕೇಳಿಕೊಂಡಿದ್ದೇನೆ. ಧೈರ್ಯದ ಉತ್ತರ ಇನ್ನೂ ಬಂದಿಲ್ಲ. ರಂಗೂನಿನಲ್ಲಿ ಮಾತ್ರ ವಿದ್ಯಾರ್ಥಿಗಳು ತರಗತಿಗಳನ್ನು ತೊರೆದು, ಶ್ವೇಡಗಾನ್ ಪಗೋಡದ ಆವರಣದಲ್ಲಿ ಬಿಡಾರ ಹೂಡಿದರು. ಮುಷ್ಕರ ನಾಡಿನ ಶಾಲೆಗಳಿಗೂ ಹಬ್ಬಿತು. ಪರೀಕ್ಷೆ ಮುಂದಕ್ಕೆ ಹೋಯಿತು. ಹೊರಹಾಕುವ ಆಜ್ಞೆಯೂ ಹಿಂದಕ್ಕೆ ಹೋಯಿತು. ಹೆಸರು ಹೊರಬೀಳಲಿಲ್ಲ.

1937ರ ಏಪ್ರಿಲ್ 1ರಂದು ಬರ್ಮಾವನ್ನು ಭಾರತದಿಂದ ಬೇರ್ಪಡಿಸಲಾಯಿತು. ಆದರೆ ಅದು ಬ್ರಿಟಿಷರ ಕೈಯಲ್ಲೇ ಉಳಿಯಿತು. ಬಿ.ಎ. ಮುಗಿಸಿ ಕಾನೂನು ಓದುತ್ತಿದ್ದ ಆಂಗ್ ಸಾನರು 1938ರಲ್ಲಿ ಅದನ್ನು ಬಿಟ್ಟು ಥಾಕಿನ್ ಎಂಬ ರಾಷ್ಟ್ರೀಯರ ಪಕ್ಷವನ್ನು ಸೇರಿದರು. ಥಾಕಿನ್ ಎಂದರೆ ಒಡೆಯ. ಬಿಳಿಯರನ್ನು ಮಾತ್ರ ಹಾಗೆ ಕರೆಯಬೇಕಾಗಿದ್ದ ಕಾಲದಲ್ಲಿ ಆ ತರುಣರು ತಮ್ಮ ತಮ್ಮ ಹೆಸರಿಗೇ ಅದನ್ನು ಸೇರಿಸಿಕೊಂಡರು. 1940ರ ಮಾರ್ಚಿಯಲ್ಲಿ ಆಂಗ್ ಸಾನರು ರಾಮಗಢದ ಕಾಂಗ್ರೆಸ್ ಅಧಿವೇಶನಕ್ಕೂ ಬಂದು ಹೋದರು.

ಆ ಮೇಲಿನ ದಾರಿ ಗಾಂಧೀಜಿಯವರ ದಾರಿಯಲ್ಲ. ಬಂಧನದ ಆಜ್ಞೆ ಹೊರಟಾಗ ಅವರು ಹಡಗು ಹತ್ತಿ ಚೀನಾದ ಅಮೋಯ್ ಬಂದರಿಗೆ ತಪ್ಪಿಸಿಕೊಂಡು ಹೋದರು. ಅಲ್ಲಿ ಜಪಾನೀಯರ ಕೈಗೆ ಸಿಕ್ಕಿ, ಅವರ ನೆರವನ್ನೇ ಒಪ್ಪಿಕೊಂಡರು. ಹೈನಾನ್ ದ್ವೀಪದಲ್ಲಿ ಮೂವತ್ತು ಮಂದಿ ಬರ್ಮೀಯ ತರುಣರು ಯುದ್ಧವಿದ್ಯೆ ಕಲಿತರು. 1941ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಬರ್ಮಾ ಸ್ವಾತಂತ್ರ್ಯ ಸೇನೆ ಹುಟ್ಟಿತು. ಜಪಾನೀಯರೊಡನೆ ಆ ಸೇನೆ ನಾಡಿನೊಳಕ್ಕೆ ನಡೆದ ದಿನಗಳಲ್ಲಿ ಲಕ್ಷಾಂತರ ಭಾರತೀಯರು ಕಾಡುಮೇಡು ದಾಟಿ ಓಡಿಬಂದರು. ದಾರಿಯಲ್ಲಿ ಸತ್ತವರು ಸಾವಿರಾರು. ಕರೆನ್ ಜನರ ಮೇಲೆಯೂ ಆ ಸೇನೆಯಿಂದ ಕ್ರೌರ್ಯ ನಡೆಯಿತು. ಸ್ವತಃ ಆಂಗ್ ಸಾನರೇ ಹಳ್ಳಿಯ ಮುಖಂಡನೊಬ್ಬನಿಗೆ ಮರಣದಂಡನೆ ವಿಧಿಸಿ, ಅದನ್ನು ತಮ್ಮ ಕೈಯಿಂದಲೇ ನಡೆಸಿದರು. ಯುದ್ಧದ ನಂತರ ಆ ವಿಚಾರ ಎದ್ದಾಗ ಅವರು ಅದನ್ನು ಅಲ್ಲಗಳೆಯಲಿಲ್ಲ. ಈ ಭಾಗವನ್ನು ಬಿಟ್ಟು ಬರೆದಿದ್ದರೆ ನನ್ನ ಲೇಖನ ಸುಂದರವಾಗುತ್ತಿತ್ತೇನೋ, ಸತ್ಯವಾಗುತ್ತಿರಲಿಲ್ಲ.

1943ರ ಆಗಸ್ಟ್ 1ರಂದು ಜಪಾನೀಯರು ಬರ್ಮಾಕ್ಕೆ ಸ್ವಾತಂತ್ರ್ಯವನ್ನು ಸಾರಿದರು. ಯುದ್ಧಮಂತ್ರಿಯಾದ ಆಂಗ್ ಸಾನರಿಗೆ ಅದು ಹೆಸರಿಗೆ ಮಾತ್ರದ ಸ್ವಾತಂತ್ರ್ಯವೆಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ತಪ್ಪಿದ ದಾರಿಯಿಂದ ಹಿಂದಿರುಗಲು ಅವರು ನಾಚಲಿಲ್ಲ. ಗುಟ್ಟಾಗಿ ಸಂಘಟನೆ ಮಾಡಿ, 1945ರ ಮಾರ್ಚ್ 27ರಂದು ತಮ್ಮ ಸೇನೆಯನ್ನು ಜಪಾನೀಯರ ಮೇಲೆಯೇ ತಿರುಗಿಸಿದರು. ಮೇ ತಿಂಗಳಿನಲ್ಲಿ ಜಪಾನೀ ಸಮವಸ್ತ್ರವನ್ನೇ ತೊಟ್ಟು ಬ್ರಿಟಿಷ್ ದಂಡನಾಯಕ ಸ್ಲಿಮ್‌ನ ಶಿಬಿರಕ್ಕೆ ನಡೆದು ಹೋದರು. ಅವರ ನೇರವಾದ ಮಾತನ್ನು ಕೇಳಿ ಆ ಶತ್ರುವೇ ಅವರನ್ನು ನಂಬಿದನು.

ಅಲ್ಲಿಂದ ಮುಂದೆ ಎಲ್ಲವೂ ಎರಡೇ ವರ್ಷಗಳ ಕೆಲಸ. ಲಂಡನ್ನಿಗೆ ಹೋಗುವ ದಾರಿಯಲ್ಲಿ ದಿಲ್ಲಿಯಲ್ಲಿ ಇಳಿದಾಗ, ಚಳಿಗೆ ತಕ್ಕ ಉಡುಪಿಲ್ಲದ ಈ ಅತಿಥಿಗೆ ನೆಹರೂ ಅವರು ಬೆಚ್ಚನೆಯ ಕೋಟು ಹೊಲಿಸಿಕೊಟ್ಟರು. 1947ರ ಜನವರಿ 27ರಂದು ಪ್ರಧಾನಿ ಅಟ್ಲಿಯವರೊಡನೆ ಒಪ್ಪಂದವಾಯಿತು. ಫೆಬ್ರವರಿ 12ರಂದು ಪಾಂಗ್‌ಲಾಂಗ್ ಎಂಬಲ್ಲಿ ಶಾನ್, ಕಚಿನ್, ಚಿನ್ ಜನರ ಮುಖಂಡರು ಬರ್ಮೀಯರೊಡನೆ ಒಂದಾಗಿ ಬಾಳಲು ರುಜು ಹಾಕಿದರು. ಕರೆನ್ನರು ಹಾಕಲಿಲ್ಲ. ರುಜು ಹಾಕಿದವರೂ ಕಾಗದಕ್ಕಿಂತ ಹೆಚ್ಚಾಗಿ ಆಂಗ್ ಸಾನ್ ಎಂಬ ಮನುಷ್ಯನ ಮಾತನ್ನು ನಂಬಿದ್ದರು.

1947ರ ಜುಲೈ 19ರ ಬೆಳಿಗ್ಗೆ, ರಂಗೂನಿನ ಸಚಿವಾಲಯದಲ್ಲಿ ಸಭೆ ನಡೆಯುತ್ತಿದ್ದಾಗ, ರಾಜಕೀಯ ಎದುರಾಳಿ ಊ ಸಾ ಕಳುಹಿಸಿದ ಬಂದೂಕುಗಾರರು ನುಗ್ಗಿ ಗುಂಡು ಹಾರಿಸಿದರು. ಆಂಗ್ ಸಾನರೊಡನೆ ಅವರ ಅಣ್ಣ ಬಾ ವಿನ್, ಕರೆನ್ ಮುಖಂಡ ಮಾನ್ ಬಾ ಖೈಂಗ್, ತಮಿಳು ಮುಸ್ಲಿಂ ತಂದೆಯ ಮಗನಾದ ಉಪಾಧ್ಯಾಯ ಅಬ್ದುಲ್ ರಜಾಕ್ ಸೇರಿ ಒಟ್ಟು ಒಂಬತ್ತು ಮಂದಿ ಮಡಿದರು. ಆ ಮೇಜಿನ ಸುತ್ತ ಹರಿದ ರಕ್ತದಲ್ಲಿ ನಾಡಿನ ಹಲವು ಕುಲಗಳ ರಕ್ತವಿತ್ತು. ಆಂಗ್ ಸಾನರಿಗೆ ಆಗ 32 ವರ್ಷ. ಕೊನೆಯ ಮಗಳಿಗೆ ಎರಡು ವರ್ಷ.

1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾಯಿತು. ಅಂದು ಹೊರಹಾಕಲ್ಪಟ್ಟ ಜೊತೆಗಾರ ನೂ ಅವರೇ ಪ್ರಥಮ ಪ್ರಧಾನಿಗಳಾದರು. ಆದರೆ ಒಬ್ಬನ ಮಾತಿನ ಮೇಲೆ ನಿಂತಿದ್ದ ಒಗ್ಗಟ್ಟು ಆ ಒಬ್ಬನು ಹೋದ ಮೇಲೆ ಉಳಿಯಲಿಲ್ಲ. ವರ್ಷ ತುಂಬುವುದರೊಳಗೆ ಅಂತರ್ಯುದ್ಧ ಹತ್ತಿಕೊಂಡಿತು. 1962ರ ಮಾರ್ಚಿಯಲ್ಲಿ ಆ ಮೂವತ್ತು ಮಂದಿ ತರುಣರಲ್ಲಿ ಒಬ್ಬನಾಗಿದ್ದ ನೇ ವಿನ್ ಅಧಿಕಾರವನ್ನು ಕಸಿದುಕೊಂಡನು. ಜುಲೈ 7ರಂದು ಸೈನ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿತು. ಮರುದಿನ ಬೆಳಿಗ್ಗೆ ವಿದ್ಯಾರ್ಥಿ ಸಂಘದ ಕಟ್ಟಡವನ್ನು ಸಿಡಿಮದ್ದು ಇಟ್ಟು ಉರುಳಿಸಿತು. 1989ರಲ್ಲಿ ದೇಶದ ಹೆಸರು ಮ್ಯಾನ್ಮಾರ್ ಎಂದಾಯಿತು. ಆ ಕೊನೆಯ ಮಗಳು, ಆಂಗ್ ಸಾನ್ ಸೂಕಿ, ತಂದೆ ಕಟ್ಟಿದ ಸೇನೆಯ ಕೈಯಲ್ಲೇ ಹಲವು ವರ್ಷ ಬಂಧನ ಅನುಭವಿಸಿದರು. 2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಹಿಡಿದಾಗ ಮತ್ತೊಮ್ಮೆ ಸೆರೆಯಾದರು.

ಆಂಗ್ ಸಾನರು ದೋಷವಿಲ್ಲದ ದೇವರಲ್ಲ. ಮಾತು ಬಾರದಿದ್ದಾಗಲೂ ಎದ್ದು ನಿಂತವರು, ನಂಬಿದವನ ಹೆಸರನ್ನು ಮಾರದವರು, ತಪ್ಪಿದೆನೆಂದು ತಿಳಿದಾಗ ತಿರುಗಿ ನಡೆದವರು. ಇಷ್ಟನ್ನು ಅವರು ಕಲಿತದ್ದು ನಮ್ಮದೇ ವಯಸ್ಸಿನಲ್ಲಿ, ನಮ್ಮ ಕಾಲೇಜಿನಂಥದೇ ಒಂದು ಕಾಲೇಜಿನಲ್ಲಿ. ಈ ಬೇಸಿಗೆಯಲ್ಲಿ ಪದವಿ ಪತ್ರವನ್ನು ಹಿಡಿದು ನಾನು ಊರಿಗೆ ಹೋಗುತ್ತೇನೆ. ಓದಲು ಬಾರದ ನನ್ನ ತಂದೆ ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಡುತ್ತಾರೆಂದು ಬಲ್ಲೆ. ಆ ಕಾಗದಕ್ಕಾಗಿ ಯಾರ ಹೆಸರನ್ನೂ ಮಾರಬೇಕಾದ ಗಳಿಗೆ ನನಗೆ ಬರದಿರಲಿ. ಬಂದರೆ, ರಂಗೂನಿನ ಆ ಸಂಪಾದಕರು ನೆನಪಾಗಲಿ.