ರವೀಂದ್ರರು ಬರೆದ ರವೀಂದ್ರರ ಮುಖ

ರವೀಂದ್ರನಾಥ ಠಾಕೂರರ ಮುಖ ಯಾರಿಗೆ ಗೊತ್ತಿಲ್ಲ ಹೇಳಿ? ಶಾಲೆಯ ಗೋಡೆ, ಅಂಚೆಚೀಟಿ, ಪಠ್ಯಪುಸ್ತಕ ಎಲ್ಲ ಕಡೆಯೂ ಅದೇ ಬಿಳಿಗಡ್ಡ, ಅದೇ ನಿಲುವಂಗಿ, ಅದೇ ಋಷಿಯ ಶಾಂತ ನೋಟ. ಆದರೆ ಆ ಮುಖವನ್ನು ಅವರೇ ಬರೆಯಹೊರಟಾಗ ಕಾಗದದ ಮೇಲೆ ಮೂಡಿದ್ದು ಈ ಋಷಿ ಅಲ್ಲ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೋದ ದೊಡ್ಡ ಮನೆಯಲ್ಲಿ. ತಂದೆ ಮಹರ್ಷಿ ದೇವೇಂದ್ರನಾಥರು, ತಾಯಿ ಶಾರದಾದೇವಿ. ಶಾಲೆ ಎಂದರೆ ಹುಡುಗನಿಗೆ ಸೆರೆಮನೆ. ಒಂದಾದ ಮೇಲೊಂದು ಶಾಲೆ ಬದಲಾದರೂ ಯಾವುದೂ ಹಿಡಿಸಲಿಲ್ಲ. ಮನೆಗೆ ಬಂದರೂ ಬಿಡುವಿಲ್ಲ: ಅಂಗಸಾಧನೆಯ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು, ಸಂಜೆಗೆ ಇಂಗ್ಲಿಷ್ ಮೇಷ್ಟ್ರು. ಡ್ರಾಯಿಂಗ್ ಪಾಠವೇನೋ ನಡೆಯಿತು, ಆದರೆ ಅದರಿಂದ ಚಿತ್ರಕಾರ ಹುಟ್ಟಲಿಲ್ಲ. ಮನೆಯಲ್ಲಿ ಚಿತ್ರಕ್ಕೇನೂ ಬರ ಇರಲಿಲ್ಲ. ಅಣ್ಣ ಜ್ಯೋತಿರಿಂದ್ರನಾಥರು ಕಂಡವರ ಮುಖವನ್ನೆಲ್ಲ ಪೆನ್ಸಿಲಿನಲ್ಲಿ ಹಿಡಿಯುತ್ತಿದ್ದರು. ಮುಂದೆ ಚಿಕ್ಕಪ್ಪನ ಮಗ ಗುಣೇಂದ್ರನ ಮಕ್ಕಳಾದ ಅವನೀಂದ್ರ, ಗಗನೇಂದ್ರರು ಹೆಸರಾಂತ ಕಲಾವಿದರಾದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಕಲಿತದ್ದು ಈ ಅವನೀಂದ್ರರ ಕೈಕೆಳಗೇ. ರವೀಂದ್ರರು ಮಾತ್ರ ಮಾತಿನ ಮನುಷ್ಯರಾಗಿಯೇ ಉಳಿದರು.

ತನಗೆ ಸಿಗದ ಶಾಲೆಯನ್ನು ಬೇರೆಯವರ ಮಕ್ಕಳಿಗಾದರೂ ಕೊಡೋಣ ಅಂತ 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಪಾಠ ಶುರುಮಾಡಿದರು. ಹಾಡು, ಚಿತ್ರ, ನಾಟಕ ಅಲ್ಲಿ ಪಾಠದ ನಡುವಿನ ಬಿಡುವಲ್ಲ, ಪಾಠವೇ. 1913ರಲ್ಲಿ ನೊಬೆಲ್ ಬಂತು. 1919ರಲ್ಲಿ ಕಲಾಭವನ ಎದ್ದಿತು, ನಂದಲಾಲ್ ಬೋಸರು ಅದರ ಜೀವಾಳವಾದರು. ಮಕ್ಕಳೆಲ್ಲ ಬರೆಯುತ್ತಿದ್ದರು, ಗುರುದೇವರು ನೋಡುತ್ತಿದ್ದರು.

ಅವರ ಕೈಗೂ ಗೆರೆ ಬಂದದ್ದು ತಪ್ಪು ಹೊಡೆದುಹಾಕುವಾಗ. 1924ರಲ್ಲಿ ಅರ್ಜೆಂಟೀನಾದಲ್ಲಿದ್ದಾಗ ‘ಪೂರಬಿ’ಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸಿದರು. ಅವು ಹಕ್ಕಿಯೋ ಮೃಗವೋ ಆಗಿ ಎದ್ದು ಕೂತವು. 1928ರಲ್ಲಿ ಬೆಂಗಳೂರಿನಲ್ಲಿ ಬ್ರಜೇಂದ್ರನಾಥ ಸೀಲರ ಅತಿಥಿಯಾಗಿದ್ದು ‘ಶೇಷೇರ್ ಕವಿತಾ’ ಮುಗಿಸಿದರಲ್ಲ, ಆ ಹೊತ್ತಿಗೇ ಚಿತ್ರದ ಹುಚ್ಚು ಪೂರ್ತಿ ಹಿಡಿಯಿತು. ಆಗ ಅವರಿಗೆ 67. ಕುಂಚವಾದರೆ ಕುಂಚ, ಇಲ್ಲದಿದ್ದರೆ ಬೆರಳು, ಬಟ್ಟೆಯ ಚೂರು. 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. 1932ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ, ಮುಕುಲ್ ದೇ ಪ್ರಿನ್ಸಿಪಾಲರಾಗಿದ್ದಾಗ, ಸ್ವಂತ ಊರಿನವರೂ ನೋಡಿದರು. ಕೊನೆಗೆ ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳಾದವು.

ಆತ್ಮಚಿತ್ರಗಳು ಹುಟ್ಟಿದ್ದು ಈ ವರ್ಷಗಳಲ್ಲೇ. ಜಗತ್ತೆಲ್ಲ ಫೋಟೋ ತೆಗೆದು ತೆಗೆದು ಸವೆಸಿದ್ದ ಮುಖ ಅದು. ಅದನ್ನವರು ಹೊಸದಾಗಿ ಕಂಡರು. ಕಪ್ಪು ನೆರಳು, ಕತ್ತಲೊಳಗಿಂದ ದಿಟ್ಟಿಸುವ ಕಣ್ಣು. ಅಚ್ಚಾಗಿದ್ದ ತಮ್ಮ ಭಾವಚಿತ್ರದ ಮೇಲೇ ಶಾಯಿ, ಬಣ್ಣ ಎಳೆದು ಅದನ್ನು ಬೇರೆ ಯಾರನ್ನೋ ಮಾಡಿದ್ದೂ ಉಂಟು. ಹೋಲಿಕೆ ಅವರಿಗೆ ಮುಖ್ಯವಾಗಿರಲಿಲ್ಲ. ಜನ ಕೊಟ್ಟ ಮುಖದ ಹಿಂದೆ ತಾನು ಯಾರು ಎನ್ನುವುದೇ ಮುಖ್ಯವಾಗಿತ್ತು.

ಗೆಳೆಯರೇ, ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಮೇಷ್ಟ್ರಾಗುವವರು. ಆರೇಳು ವರ್ಷದ ಮಗುವಿಗೆ ನಿನ್ನ ಮುಖ ಬರಿ ಅಂದರೆ ಅದು ದೊಡ್ಡ ತಲೆ, ಇನ್ನೂ ದೊಡ್ಡ ಕಣ್ಣು ಬರೆದೀತು, ಕಿವಿ ಮರೆತೀತು. ಕೈಗೊಂದು ಕನ್ನಡಿ ಕೊಡೋಣ. ಕಣ್ಣು ಇರುವುದು ಹಣೆಯ ತುದಿಯಲ್ಲಲ್ಲ, ತಲೆಯ ನಡುಮಟ್ಟದಲ್ಲಿ ಅಂತ ಬೆರಳಿಟ್ಟು ತೋರಿಸೋಣ. ಅಷ್ಟು ಸಾಕು. ಆಮೇಲೂ ಅದು ತನ್ನ ಮುಖಕ್ಕೆ ನೀಲಿ ಬಳಿದರೆ ರಬ್ಬರು ಹಿಡಿದು ಓಡುವುದು ಬೇಡ. ಮುಖಕ್ಕೆ ಮಾದರಿ ಬರೆದು ಕೊಟ್ಟು ನಕಲು ಮಾಡಿಸಿದರೆ ಮಗುವಿಗೆ ಸಿಗುವುದು ಮೇಷ್ಟ್ರ ಮುಖ, ತನ್ನದಲ್ಲ. ಡ್ರಾಯಿಂಗ್ ಮೇಷ್ಟ್ರು ದಿನಾ ಬರುತ್ತಿದ್ದ ಮನೆಯ ಹುಡುಗನಿಗೆ ತನ್ನ ಗೆರೆ ಸಿಗಲು ಅರವತ್ತು ದಾಟಬೇಕಾಯಿತು. ಎಲ್ಲ ಮಕ್ಕಳೂ ಅಷ್ಟು ದಿನ ಕಾಯಲಾರರು.

1941ರ ಆಗಸ್ಟ್ 7ರಂದು, ಹುಟ್ಟಿದ ಅದೇ ಜೋಡಾಸಾಂಕೋ ಮನೆಯಲ್ಲಿ ರವೀಂದ್ರರು ತೀರಿಕೊಂಡರು. ಆ ಮನೆ ಈಗ ವಸ್ತುಸಂಗ್ರಹಾಲಯ. ಕೋಲ್ಕತ್ತಕ್ಕೆ ಹೋದವರು ಫೋಟೋದ ಋಷಿಯನ್ನು ನೋಡಿ ಕೈಮುಗಿಯಲಿ. ಆದರೆ ಅವರೇ ಬರೆದುಕೊಂಡ ಆ ಕಪ್ಪು ಮುಖದ ಅಚ್ಚೊಂದನ್ನೂ ಹುಡುಕಿ, ಅದರೆದುರು ಸ್ವಲ್ಪ ಹೊತ್ತು ನಿಲ್ಲಲಿ.