ದೇವಕಣ ಕಂಡುಹಿಡಿದವರು ಸತ್ಯೇಂದ್ರನಾಥ ಬೋಸರೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ದೇವಕಣವನ್ನು ಕಂಡುಹಿಡಿದವರು ನಮ್ಮ ಬೋಸ್, ಅದನ್ನು ಕದ್ದು ಹೆಸರು ಮಾಡಿದವರು ಐನ್‌ಸ್ಟೈನ್. ಇಂಥದ್ದೊಂದು ಮೆಸೇಜ್ ನಿಮಗೂ ಬಂದಿರಬಹುದು. ಎರಡೂ ಮಾತು ತಪ್ಪು. ನಿಜವಾಗಿ ನಡೆದದ್ದು ಇದಕ್ಕಿಂತ ಸೊಗಸಾಗಿದೆ ಅನ್ನುವುದು ನಮ್ಮ ಅನಿಸಿಕೆ.

ಸತ್ಯೇಂದ್ರನಾಥ ಬೋಸ್ ಹುಟ್ಟಿದ್ದು 1894ರ ಜನವರಿ 1ರಂದು, ಕಲ್ಕತ್ತದಲ್ಲಿ. (ಸಸ್ಯಗಳ ಮೇಲೆ ಪ್ರಯೋಗ ಮಾಡಿದ ಜಗದೀಶಚಂದ್ರ ಬೋಸ್ ಬೇರೆ; ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇವರ ಮೇಷ್ಟ್ರು.) ಸಹಪಾಠಿ ಮೇಘನಾದ ಸಹಾ ಜೊತೆ ಸೇರಿ ಐನ್‌ಸ್ಟೈನರ ಸಾಪೇಕ್ಷತಾ ಲೇಖನಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ತಂದರು. 1921ರಲ್ಲಿ ಆಗಷ್ಟೇ ಶುರುವಾಗಿದ್ದ ಢಾಕಾ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು.

ಅಲ್ಲಿ ಅವರನ್ನು ಕಾಡಿದ್ದು ಪ್ಲಾಂಕ್ ಸೂತ್ರ. ಬಿಸಿಯಾದ ವಸ್ತುವಿನಿಂದ ಯಾವ ಬಣ್ಣದ ಬೆಳಕು ಎಷ್ಟು ಬರುತ್ತದೆ ಎಂದು ಅದು ಸರಿಯಾಗಿಯೇ ಹೇಳುತ್ತಿತ್ತು. ಆದರೆ ಅದನ್ನು ಸಾಧಿಸುವಾಗ ಅರ್ಧ ಹಳೆಯ ಅಲೆಯ ಲೆಕ್ಕ, ಅರ್ಧ ಹೊಸ ಕ್ವಾಂಟಮ್ ಲೆಕ್ಕ ಬೆರೆಸಬೇಕಿತ್ತು. ಬೋಸ್ ಬೆಳಕನ್ನು ಬರೀ ಕಣಗಳೆಂದುಕೊಂಡು, ಎಣಿಸುವ ರೀತಿಯನ್ನೇ ಬದಲಿಸಿದರು.

ಎರಡು ನಾಣ್ಯ ಚಿಮ್ಮಿ ನೋಡಿ. ಎರಡೂ ಹೆಡ್, ಎರಡೂ ಟೇಲ್, ಮೊದಲನೆಯದು ಹೆಡ್ ಎರಡನೆಯದು ಟೇಲ್, ಅಥವಾ ಅದರ ತಿರುವುಮುರುವು. ಒಟ್ಟು ನಾಲ್ಕು ಸಾಧ್ಯತೆ. ಆದರೆ ಇದು ಮೊದಲನೆಯದು, ಅದು ಎರಡನೆಯದು ಎಂದು ಗುರುತಿಸಲು ಸಾಧ್ಯವೇ ಇಲ್ಲದ ನಾಣ್ಯಗಳಾದರೆ? ಕೊನೆಯ ಎರಡೂ ಒಂದೇ ಆಗುತ್ತವೆ, ಉಳಿಯುವುದು ಮೂರೇ. ಎರಡೂ ಒಂದೇ ರೀತಿ ಬೀಳುವ ಸಾಧ್ಯತೆ ಅರ್ಧದಿಂದ ಮೂರರಲ್ಲಿ ಎರಡು ಪಾಲಿಗೆ ಏರುತ್ತದೆ. ಮನೆಯ ನಾಣ್ಯಗಳು ಹೀಗೆ ಮಾಡುವುದಿಲ್ಲ. ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು, ಮಾಡುತ್ತವೆ. ಅವುಗಳಿಗೆ ಗುಂಪುಗೂಡುವುದೆಂದರೆ ಇಷ್ಟ. ಲೇಸರ್‌ನಲ್ಲಿ ಲೆಕ್ಕವಿಲ್ಲದಷ್ಟು ಫೋಟಾನ್‌ಗಳು ಒಂದೇ ಸ್ಥಿತಿಯಲ್ಲಿ ಸೇರುವುದು ಇದೇ ಗುಣದಿಂದ.

1924ರ ಜೂನ್‌ನಲ್ಲಿ, 30ರ ಹರೆಯದ ಈ ಮೇಷ್ಟ್ರು ತಮ್ಮ ಪುಟ್ಟ ಲೇಖನವನ್ನು ನೇರವಾಗಿ ಐನ್‌ಸ್ಟೈನರಿಗೇ ಕಳಿಸಿದರು. ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಎಂಬ ಕೋರಿಕೆಯೂ ಜೊತೆಗಿತ್ತು. ಐನ್‌ಸ್ಟೈನ್ ತಾವೇ ಕೂತು ಅನುವಾದಿಸಿದರು. ಲೇಖನ ಬಂದದ್ದು ಬೋಸ್ ಒಬ್ಬರದೇ ಹೆಸರಿನಲ್ಲಿ. ಕೆಳಗೆ ಇದು ಮಹತ್ವದ ಹೆಜ್ಜೆ ಎಂದು ಅನುವಾದಕರ ಟಿಪ್ಪಣಿ. ಕದಿಯುವವರು ಹೀಗೆ ಮಾಡುತ್ತಾರೆಯೇ? ಬೋಸರ ಎರಡನೆಯ ಲೇಖನವನ್ನೂ ಅವರೇ ಅನುವಾದಿಸಿ, ತಮಗೆ ಒಪ್ಪಿಗೆಯಿಲ್ಲದ್ದನ್ನು ಅಲ್ಲೇ ಬರೆದು ಅಚ್ಚು ಹಾಕಿಸಿದರು.

ಆಮೇಲೆ ಐನ್‌ಸ್ಟೈನ್ ಈ ಎಣಿಕೆಯನ್ನು ಪರಮಾಣುಗಳಿಗೂ ಹಚ್ಚಿದರು. ವಿಪರೀತ ತಣ್ಣಗಾದರೆ ಪರಮಾಣುಗಳೆಲ್ಲ ಒಂದೇ ಸ್ಥಿತಿಗೆ ಕುಸಿಯುತ್ತವೆ ಎಂಬ ಊಹೆ ಐನ್‌ಸ್ಟೈನರದ್ದು, ಅದಕ್ಕೆ ತಳಹದಿಯಾದ ಎಣಿಕೆ ಬೋಸರದ್ದು. ಅದಕ್ಕೇ ಬೋಸ್-ಐನ್‌ಸ್ಟೈನ್ ಸಾಂದ್ರಿತ ಎಂಬ ಜೋಡಿ ಹೆಸರು.

ದೇವಕಣದ ವಿಷಯವೇನು? ಈ ಎಣಿಕೆಗೆ ಒಗ್ಗುವ ಎಲ್ಲ ಕಣಗಳಿಗೂ ಬೋಸಾನ್ ಎಂದು ಹೆಸರಿಟ್ಟವರು ಪಾಲ್ ಡಿರಾಕ್. ಅದು ಒಂದು ಕಣದ ಹೆಸರಲ್ಲ, ಇಡೀ ಕುಲದ ಹೆಸರು. 2012ರಲ್ಲಿ ಸಿಕ್ಕಿದ ಹಿಗ್ಸ್ ಬೋಸಾನ್ ಆ ಕುಲದ ಒಂದು ಕಣ, ಅಷ್ಟೆ. ಅದರ ಸಿದ್ಧಾಂತ 1964ರದ್ದು, ಪೀಟರ್ ಹಿಗ್ಸ್ ಮೊದಲಾದವರದ್ದು. ನಿಮ್ಮ ಫೋನಿನ ಬೆಳಕಿನ ಕಣವೂ ಬೋಸಾನೇ!

ಐನ್‌ಸ್ಟೈನ್ ಬರೆದ ಒಂದು ಪೋಸ್ಟ್‌ಕಾರ್ಡ್ ತೋರಿಸಿದ್ದಕ್ಕೆ ವಿಶ್ವವಿದ್ಯಾಲಯ ಬೋಸರಿಗೆ ಎರಡು ವರ್ಷ ರಜೆ ಕೊಟ್ಟಿತು. ಪ್ಯಾರಿಸ್, ಬರ್ಲಿನ್ ನೋಡಿ ಬಂದರು. ಡಾಕ್ಟರೇಟ್ ಇರಲಿಲ್ಲ, ಐನ್‌ಸ್ಟೈನರ ಶಿಫಾರಸಿನ ಬಲದಿಂದ ಪ್ರೊಫೆಸರ್ ಆದರು. 1945ರಲ್ಲಿ ಕಲ್ಕತ್ತಕ್ಕೆ ಮರಳಿದರು. ಬಂಗಾಳಿಯಲ್ಲೇ ವಿಜ್ಞಾನ ಹೇಳಬೇಕೆಂದು ಹಟ ಹಿಡಿದು, 1948ರಲ್ಲಿ ಅದಕ್ಕೊಂದು ಪರಿಷತ್ತನ್ನೂ ಮಾಸಪತ್ರಿಕೆಯನ್ನೂ ಕಟ್ಟಿದರು. ಬಿಡುವಿನಲ್ಲಿ ಎಸ್ರಾಜ್ ನುಡಿಸುತ್ತಿದ್ದರು.

ನೊಬೆಲ್ ಬರಲಿಲ್ಲ ಎಂಬುದು ಮಾತ್ರ ನಿಜ. 1956ರಿಂದ 1962ರವರೆಗೆ ನಾಲ್ಕು ಬಾರಿ ಹೆಸರು ಹೋಗಿತ್ತು, ಸಮಿತಿ ಒಪ್ಪಲಿಲ್ಲ. ಆ ನಾಮನಿರ್ದೇಶನಗಳನ್ನು ಕಳಿಸಿದವರು ಭಾರತೀಯ ವಿಜ್ಞಾನಿಗಳೇ. ಸಮಿತಿ ಇನ್ನಷ್ಟು ಉದಾರವಾಗಬಹುದಿತ್ತು ಎಂದು ನಮಗನಿಸುತ್ತದೆ; ಆದರೆ ಅದಕ್ಕೆ ಐನ್‌ಸ್ಟೈನರನ್ನು ದೂರುವಂತಿಲ್ಲ, ಅವರು 1955ರಲ್ಲೇ ತೀರಿಕೊಂಡಿದ್ದರು.

ಬೋಸ್ ನಿಧನರಾದದ್ದು 1974ರ ಫೆಬ್ರವರಿ 4ರಂದು. 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ತಂಡ ಸುಮಾರು 2,000 ರುಬಿಡಿಯಮ್ ಪರಮಾಣುಗಳನ್ನು ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ತಣಿಸಿತು. ಅವು ಒಂದೇ ಸ್ಥಿತಿಗೆ ಕುಸಿದವು.